ಓನರ್ ದನಿಯಲ್ಲಿ ಒಂದು ಟ್ಯಾಂಕು ನೀರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಗಲಗುಂಟೆಯ ನಮ್ಮ ಬಿಲ್ಡಿಂಗಿನಲ್ಲಿ ಒಂಬತ್ತು ಮನೆಗಳಿಗೆ ಇರುವುದು ಒಂದೇ ನೀರಿನ ಟ್ಯಾಂಕು. ಈ ಬೇಸಿಗೆಯ ಒಂದು ಭಾನುವಾರ ಅದು ಮುಕ್ಕಾಲು ಗಂಟೆಯೊಳಗೆ ಬರಿದಾಗಿ ತಳದ ಪಾಚಿ ಕಾಣಿಸಿದ್ದಕ್ಕೆ ಕಾರಣ ಕೈಕೊಟ್ಟ ಮಳೆಯಲ್ಲ, ಸರ್ಕಾರವಲ್ಲ, ಬತ್ತುತ್ತಿರುವ ಬೋರ್‌ವೆಲ್ಲೂ ಅಲ್ಲ. ನಾನು. ಹಾಗಂತ ನಾನು ನಲ್ಲಿ ಮುಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಬಿಲ್ಡಿಂಗಿನಲ್ಲೇ ಇರಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಎಣ್ಣೆ ಮೆತ್ತಿದ ಕೈಯಲ್ಲಿ ಓವರ್‌ಟೈಮ್ ಮಾಡುತ್ತಿದ್ದೆ. ಬರೀ ಬಾಯಿಂದ, ಅರ್ಧ ನಿಮಿಷದಲ್ಲಿ, ಮೂರು ಕಿಲೋಮೀಟರ್ ದೂರದಿಂದ ಒಂದು ಟ್ಯಾಂಕು ನೀರು ಖಾಲಿ ಮಾಡಿದ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ. ಅವನ ಪಕ್ಕದಲ್ಲಿ ನಿಂತು ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ.

ನನಗೊಂದು ಚಟವಿದೆ. ಯಾರ ದನಿ ಕೇಳಿದರೂ ಅದು ಎರಡೇ ದಿನದಲ್ಲಿ ನನ್ನ ಗಂಟಲಿಗೆ ಬಂದು ಬಾಡಿಗೆಗೆ ಕೂತುಬಿಡುತ್ತದೆ. ನಮ್ಮ ಸೂಪರ್‌ವೈಸರ್ ಸಾಹೇಬರು ಬೈಯುವ ಮೊದಲು ಎರಡು ಸಲ ಕೆಮ್ಮುತ್ತಾರೆ. ನಾನು ಆ ಎರಡು ಕೆಮ್ಮು ಕೆಮ್ಮಿದರೆ ಸಾಕು, ಇಡೀ ಸಾಲಿನ ಹುಡುಗರು ಮೊಬೈಲು ಜೇಬಿಗಿಳಿಸುತ್ತಾರೆ. ನೀರಿನ ಟ್ಯಾಂಕರ್ ರಿವರ್ಸ್ ಬರುವಾಗ ಹೊಡೆದುಕೊಳ್ಳುವ ಆ ಅಳುಬುರುಕ ಹಾಡನ್ನು ಗೇಟಿನ ಸೆಕ್ಯುರಿಟಿಯ ಬೆನ್ನ ಹಿಂದೆ ನಿಂತು ಹಾಡಿದ್ದೇನೆ. ಪುಣ್ಯಾತ್ಮ ಹಿಂದೆ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದು ‘ಬಾ, ಬಾ, ರೈಟು’ ಎಂದು ಕೈ ಆಡಿಸಿದ್ದಾನೆ. ನಲ್ಲಿ ತೊಟ್ಟಿಕ್ಕುವ ಸದ್ದನ್ನು ನಾಲಿಗೆ ಅಂಗುಳಕ್ಕೆ ತಾಗಿಸಿ ಮಾಡಬಲ್ಲೆ. ಹಿಂದೊಮ್ಮೆ ಸೋದರತ್ತೆಯ ಮನೆಯಲ್ಲಿ ಹಾಗೆ ಮಾಡಿದಾಗ, ಅವರು ಊಟದ ನಡುವೆ ಮೂರು ಸಲ ಎದ್ದುಹೋಗಿ ಅಡುಗೆಮನೆ, ಬಚ್ಚಲು, ಹಿತ್ತಲಿನ ನಲ್ಲಿಗಳನ್ನೆಲ್ಲ ತಿರುಚಿ ತಿರುಚಿ ಬಂದರು. ನಾಲ್ಕನೆಯ ಸಲ ಒಂದು ನಲ್ಲಿಯ ತಲೆಯೇ ಅವರ ಕೈಗೆ ಬಂತು. ನೀರು ಉಳಿಸುವ ಹೆಸರಿನಲ್ಲಿ ಅವತ್ತು ಪೋಲಾದ ನೀರಿಗೂ ನಾನೇ ಬಾಧ್ಯಸ್ಥ. ವಿಚಿತ್ರವೆಂದರೆ ಎಲ್ಲರ ದನಿಯನ್ನೂ ಮಾಡುವ ನಾನು ನನ್ನದೇ ದನಿಯಲ್ಲಿ ಮಾತಾಡಿದರೆ ಯಾರೂ ಕಿವಿಗೊಡುವುದಿಲ್ಲ. ಊರಿನಿಂದ ಅಮ್ಮ ಫೋನ್ ಮಾಡಿದಾಗ ಸ್ವಂತ ದನಿಯಲ್ಲಿ ‘ಹಲೋ’ ಎಂದರೆ, ಗಂಟಲು ಕೆಟ್ಟಿದೆಯಾ ಎಂದು ವಿಚಾರಿಸುತ್ತಾಳೆ.

ಇಂಥ ಗಂಟಲಿಗೆ ನಮ್ಮ ಓನರ್ ಹನುಮಂತರಾಯಪ್ಪನವರ ದನಿ ಸಿಕ್ಕಿದ್ದು ಕೋತಿಗೆ ಕಳ್ಳು ಸಿಕ್ಕಿದ ಹಾಗೆ. ಅವರು ಈ ಮಣ್ಣಿನವರೇ. ಈಗ ಬಿಲ್ಡಿಂಗ್ ಇರುವ ಜಾಗದಲ್ಲಿ ಅವರು ರಾಗಿ ಬೆಳೆದವರು. ಎದುರಿನ ಕಾರ್ಖಾನೆ ಶೆಡ್ಡುಗಳೆಲ್ಲ ಅವರ ಅಣ್ಣನ ಅವರೆ ಹೊಲ. ಹೊಲ ಹೋದರೂ ಬೇಸಾಯಗಾರನ ಬುದ್ಧಿ ಹೋಗಿಲ್ಲ. ಬೋರ್‌ವೆಲ್ಲಿನ ವಿಷಯವನ್ನು ಅವರು ಹಟ್ಟಿಯ ಹಸುವಿನ ವಿಷಯದಂತೆ ಮಾತಾಡುತ್ತಾರೆ. ನೀರಿನ ಜೊತೆ ಗಾಳಿ ಬಂದರೆ, ಪಾಪ ಏದುಸಿರು ಬಿಡ್ತಾ ಐತೆ, ಸುಧಾರಿಸ್ಕಳ್ಳಿ ಎಂದು ಮೋಟರು ಆರಿಸುತ್ತಾರೆ. ಟೆರೇಸಿನ ಮೇಲೆ ಟ್ಯಾಂಕಿನಿಂದ ಮನೆಗಳಿಗೆ ನೀರು ಬಿಡುವ ವಾಲು ಒಂದಿದೆ. ಅದರ ತಲೆಯ ಮೇಲಿನ ಕಬ್ಬಿಣದ ಚಕ್ರವನ್ನೇ ಬಿಚ್ಚಿಕೊಂಡು ಬಂದು ದೇವರ ಗೂಡಿನಲ್ಲಿ ಇಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ಐದರಿಂದ ಮುಕ್ಕಾಲು ಗಂಟೆ, ಸಾಯಂಕಾಲ ಅರ್ಧ ಗಂಟೆ, ನೋಯುವ ಮಂಡಿ ಹಿಡಿದುಕೊಂಡು ಟೆರೇಸು ಹತ್ತಿ ನೀರು ಬಿಡುವುದು. ಆಮೇಲೆ ಚಕ್ರ ಮತ್ತೆ ದೇವರ ಪಕ್ಕಕ್ಕೆ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ತೊಳೆದ ನೀರು ಪಾಯಿಖಾನೆಗೆ. ಒಮ್ಮೆ ನಾನು ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಿದ್ದಾಗ ಆ ಕಡೆ ಬಂದವರು ಏನೂ ಬೈಯಲಿಲ್ಲ. ಸುಮ್ಮನೆ ನಲ್ಲಿ ನಿಲ್ಲಿಸಿ, ನನ್ನ ಮುಖವನ್ನೊಮ್ಮೆ ನೋಡಿ, ಹೊರಟುಹೋದರು. ಬಾಯಿ ತುಂಬ ನೊರೆ ತುಂಬಿಕೊಂಡಿದ್ದ ನಾನು ಹುಟ್ಟಿದ ಮೇಲೆ ಮೊದಲ ಸಲ ಯಾರ ದನಿಯೂ ಇಲ್ಲದೆ ನಿಂತಿದ್ದೆ.

ಇನ್ನು ಅವರ ಫೋನಿನ ಪದ್ಧತಿ ಹೇಳಲೇಬೇಕು. ಈ ಕಥೆಯಲ್ಲಿ ಅನಾಹುತ ನುಗ್ಗಿದ್ದೇ ಆ ಕಿಂಡಿಯಿಂದ. ನಮ್ಮ ಬಿಲ್ಡಿಂಗಿಗೊಂದು ವಾಟ್ಸಾಪ್ ಗ್ರೂಪು ಇದೆ. ಆದರೆ ಹನುಮಂತರಾಯಪ್ಪನವರಿಗೆ ಗ್ರೂಪಿನಲ್ಲಿ ನಂಬಿಕೆಯಿಲ್ಲ. ಹೇಳಬೇಕಾದದ್ದನ್ನು ವಾಯ್ಸ್ ಮೆಸೇಜು ಮಾಡಿ, ಹೆಬ್ಬೆರಳಿಗೆ ಯಾರ ಹೆಸರು ಸಿಕ್ಕಿತೋ ಅವರಿಗೆ ಕಳಿಸಿಬಿಡುತ್ತಾರೆ. ಅದನ್ನು ಗ್ರೂಪಿಗೆ ದಾಟಿಸುವುದು ಸಿಕ್ಕಿದವರ ಕರ್ತವ್ಯ. ಅವರ ಪ್ರಕಾರ ವಾಯ್ಸ್ ಮೆಸೇಜೂ ಒಂದು ಫೋನ್ ಕರೆಯೇ. ಮೊದಲು ‘ಅಲೋ’ ಎನ್ನುತ್ತಾರೆ. ಆ ಕಡೆಯವರು ಓಗೊಡಲೆಂದು ಕಾಯುತ್ತಾರೆ. ಮತ್ತೊಂದು ‘ಅಲೋ’. ಆಮೇಲೆ ವಿಷಯ. ಕೊನೆಗೆ ‘ಇಡ್ಲಾ?’ ಎಂದು ಅಪ್ಪಣೆ ಕೇಳುತ್ತಾರೆ, ಅಪ್ಪಣೆ ಸಿಗುವಷ್ಟು ಹೊತ್ತು ಸುಮ್ಮನಿರುತ್ತಾರೆ, ‘ಇಡ್ತೀನಿ’ ಎಂದು ಮುಗಿಸುತ್ತಾರೆ. ಇಂಥ ಚಿನ್ನದಂಥ ಸರಕು ದಿನಾ ಕಿವಿಗೆ ಬೀಳುತ್ತಿರುವಾಗ ಮಿಮಿಕ್ರಿಯವನೊಬ್ಬ ಬಾಯಿ ಮುಚ್ಚಿಕೊಂಡಿರಲು ಅವನೇನು ಋಷಿಯೇ?

ಆ ಭಾನುವಾರ ನನ್ನ ಗುರಿಯಿದ್ದದ್ದು ರೂಮ್‌ಮೇಟ್ ಪ್ರವೀಣನ ಮೇಲೆ. ಚಿತ್ರದುರ್ಗದ ಕಡೆಯ ಹುಡುಗ. ಬಂದು ಎರಡೇ ವಾರವಾಗಿತ್ತು, ನನ್ನ ಚಟದ ವಿಷಯ ಅವನಿಗಿನ್ನೂ ಗೊತ್ತಿರಲಿಲ್ಲ. ಬೆಳಿಗ್ಗೆ ನೀರು ಹಿಡಿಯುವ ಸರದಿ ಅವನದು. ಹಿಡಿಯದೆ ಮಲಗಿದ್ದ. ಖಾಲಿ ಬಕೆಟ್ಟನ್ನು ಅವನ ತಲೆಯ ಹತ್ತಿರ ಬೋರಲು ಹಾಕಿ, ಮುಖ ತೊಳೆಯದೆ ಕೆಲಸಕ್ಕೆ ಹೋದೆ. ಹತ್ತೂವರೆಯ ಟೀ ಹೊತ್ತಿನಲ್ಲಿ ಹುಡುಗರು, ಗುರು, ನಿಮ್ಮ ಓನರ್ ದನಿ ಬಿಡು ಎಂದು ಪೀಡಿಸಿದರು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡು ಫೋನು ತೆಗೆದೆ.

“ಅಲೋ... ಅಲೋ... ನಾನು ಅನ್ಮಂತ್ರಾಯಪ್ಪ. ಬೋರಿನ ಮೋಟ್ರು ಮ್ಯಾಕೆ ಎತ್ತಿಸ್ತಾ ಇವ್ನಿ, ಮೂರ್ ದಿವ್ಸ ನೀರಿರಕ್ಕಿಲ್ಲ. ಈಗ ವಾಲು ಬಿಡ್ತೀವಿ, ಒಂದು ಲೋಟಾನೂ ಬಿಡ್ದಂಗೆ ಎಲ್ರೂ ತುಂಬ್ಕಳಿ. ಇಡ್ಲಾ? ... ಇಡ್ತೀನಿ.”

ನನ್ನ ಉದ್ದೇಶ ಇಷ್ಟೇ: ಪ್ರವೀಣ ಗಾಬರಿಬಿದ್ದು ಏಳಲಿ, ಬಿಂದಿಗೆ ಹಿಡಿದು ಒಣ ನಲ್ಲಿಯ ಮುಂದೆ ನಿಂತು ಬೆಪ್ಪಾಗಲಿ. ಆದರೆ ಆ ‘ಎಲ್ರೂ’ ಎಂಬ ಮಾತು ಇದೆಯಲ್ಲ, ಅದನ್ನು ಸೇರಿಸಿದ್ದು ಕಲಾವಿದನ ಹುಚ್ಚು. ಓನರ್ ಯಾವತ್ತೂ ಒಬ್ಬರಿಗಾಗಿ ಮಾತಾಡಿದವರಲ್ಲ, ಅದಿಲ್ಲದಿದ್ದರೆ ದನಿ ಪೂರ್ತಿಯಾಗುವುದಿಲ್ಲ ಅನ್ನಿಸಿತು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಪ್ರವೀಣನಿಗೆ ಕಳಿಸಿ, ಫೋನು ಲಾಕರಿನಲ್ಲಿಟ್ಟು, ಮಶೀನಿನ ಮುಂದೆ ನಿಂತೆ.

ಪ್ರವೀಣ ಸಂಭಾವಿತ. ಓನರ್ ನನಗೆ ಕಳಿಸಿದ್ದನ್ನು ನಾನು ಅವನಿಗೆ ದಾಟಿಸಿದ್ದೇನೆ, ಅವನು ಗ್ರೂಪಿಗೆ ದಾಟಿಸಬೇಕು ಎಂದು ಪದ್ಧತಿಯ ಪ್ರಕಾರವೇ ತಿಳಿದುಕೊಂಡ. ದಾಟಿಸಿದ. ಸಾಲದ್ದಕ್ಕೆ ಕೆಳಗಿನ ಮನೆಯ ಸರೋಜಕ್ಕನ ಬಾಗಿಲನ್ನೂ ತಟ್ಟಿದ. ಸರೋಜಕ್ಕ ಗಾರ್ಮೆಂಟ್ಸಿಗೆ ಹೋಗುವವರು, ವಾರದ ಬಟ್ಟೆಯೆಲ್ಲ ಅವರಿಗೆ ಭಾನುವಾರವೇ. ಮೂರು ದಿನ ನೀರಿಲ್ಲವೆಂದರೆ ಅವರು ಸುಮ್ಮನಿರುತ್ತಾರೆಯೇ? ನಲ್ಲಿ ತಿರುಗಿಸಿದರು, ನೀರಿಲ್ಲ. ಮೆಟ್ಟಿಲು ಹತ್ತಿ ಮೂರನೆಯ ಮಹಡಿಯ ಓನರ್ ಮನೆಗೇ ಹೋದರು. ಹನುಮಂತರಾಯಪ್ಪನವರು ನೆಲಮಂಗಲದಲ್ಲಿ ನೆಂಟರ ಮಗುವಿನ ನಾಮಕರಣಕ್ಕೆಂದು ಬೆಳಿಗ್ಗೆಯೇ ಹೊರಟುಹೋಗಿದ್ದರು. ಮನೆಯಲ್ಲಿದ್ದವರು ಅವರ ಹೆಂಡತಿ ಪುಟ್ಟಮ್ಮ ಒಬ್ಬರೇ. ಸರೋಜಕ್ಕ ಮೊಬೈಲನ್ನು ಅವರ ಕಿವಿಗೆ ಹಿಡಿದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಪುಟ್ಟಮ್ಮ ಆ ಮನುಷ್ಯನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವರು. ಆ ದನಿಯಲ್ಲಿ ಜಗಳ ಕೇಳಿದ್ದಾರೆ, ಗೊರಕೆ ಕೇಳಿದ್ದಾರೆ. ಆ ತಾಯಿ ನನ್ನ ಮೆಸೇಜನ್ನು ಪೂರ್ತಿ ಕೇಳಿ, ಗಂಡನಿಗೆ ಫೋನು ಮಾಡಿದರಂತೆ. ನಾಮಕರಣದ ಮನೆಯ ಮೈಕಿನ ಗದ್ದಲದಲ್ಲಿ ಅವರು ಎತ್ತಲಿಲ್ಲ. ಹೊರಡೋ ಆತ್ರದಲ್ಲಿ ನಂಗೇಳಾದೇ ಮರ್ತವ್ರೆ ಎಂದು ಗೊಣಗಿಕೊಂಡು ದೇವರ ಗೂಡಿನಿಂದ ಚಕ್ರ ತೆಗೆದು, ಟೆರೇಸಿಗೆ ಹೋಗಿ ವಾಲು ಪೂರ್ತಿ ತಿರುಗಿಸಿದರು. ಈಗಲೂ ಇದನ್ನು ನೆನೆದರೆ ನನಗೆ ಏನಾಗುತ್ತದೆಂದು ನನಗೇ ಅರ್ಥವಾಗುವುದಿಲ್ಲ. ಬಲಗೈ ನನ್ನ ಬೆನ್ನು ತಟ್ಟಲು ಹೋಗುತ್ತದೆ, ಎಡಗೈ ಕೆನ್ನೆಗೆ ಬಾರಿಸಲು ಬರುತ್ತದೆ.

ಮುಂದಿನ ಮುಕ್ಕಾಲು ಗಂಟೆಯ ಇತಿಹಾಸ ನನಗೆ ಒಂಬತ್ತು ಮನೆಯವರಿಂದ ಒಂಬತ್ತು ಥರ ಸಿಕ್ಕಿದೆ. ಬಿಂದಿಗೆ, ಬಕೆಟ್ಟು, ಡ್ರಮ್ಮು ತುಂಬಿದವು. ಆಮೇಲೆ ಕುಕ್ಕರು, ಇಡ್ಲಿ ಪಾತ್ರೆ, ಮಗುವಿನ ಸ್ನಾನದ ಟಬ್ಬು. ಎರಡನೆಯ ಮಹಡಿಯ ದಂಪತಿ, ಮದುವೆಗೆ ಉಡುಗೊರೆ ಬಂದು ಡಬ್ಬಿಯಿಂದಲೇ ಹೊರಗೆ ಬಂದಿರದ ಗಾಜಿನ ಲೋಟಗಳ ಸೆಟ್ಟನ್ನು ಬಿಚ್ಚಿ ಆರಕ್ಕೆ ಆರನ್ನೂ ತುಂಬಿಸಿದರು. ಯಾರೋ ಐಸ್ ಟ್ರೇಯನ್ನೂ ಬಿಟ್ಟಿರಲಿಲ್ಲ. ಸಾಯಂಕಾಲ ಐದೂವರೆಗೆ ನಾನು ಕಪ್ಪು ಕೈ ಹೊತ್ತು ಬಂದರೆ ಮೆಟ್ಟಿಲಿನುದ್ದಕ್ಕೂ ಎರಡೂ ಕಡೆ ನೀರು ತುಂಬಿದ ಪಾತ್ರೆಗಳು, ಯಾರನ್ನೋ ಆರತಿ ಎತ್ತಿ ಬರಮಾಡಿಕೊಳ್ಳಲು ಕಾದಿರುವಂತೆ. ರೂಮಿನಲ್ಲಿ ಪ್ರವೀಣ ಬಕೆಟ್ಟುಗಳ ನಡುವೆ ದ್ವಾರಪಾಲಕನ ಹಾಗೆ ನಿಂತಿದ್ದ. ನಲ್ಲಿಯಲ್ಲಿ ಹನಿಯಿಲ್ಲ. ಕೈ ತೊಳೆಯಲು ನೀರು ಕೇಳಿದರೆ ಒಂದು ಚೊಂಬು ಅಳೆದು ಕೊಟ್ಟು, ಮೂರು ದಿನ ಸುಧಾರಿಸಬೇಕು ಎಂದು ನನಗೇ ಬುದ್ಧಿ ಹೇಳಿದ. ಅದು ಓನರಲ್ಲ ಕಣೋ, ನಾನು ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. “ಮಗಾ, ಎರಡು ವಾರದಿಂದ ಕೇಳ್ತಿದೀನಿ, ಓನರ್ ದನಿ ನಂಗೊತ್ತಾಗಲ್ವಾ? ಬಿಸಿಲಲ್ಲಿ ಬಂದಿದೀಯ, ಕೂತ್ಕೋ.”

ಅಷ್ಟರಲ್ಲಿ ಹನುಮಂತರಾಯಪ್ಪನವರು ತಾಂಬೂಲದ ಚೀಲ ಹಿಡಿದು ಬಂದರು. ಮೆಟ್ಟಿಲ ಮೇಲಿನ ಪಾತ್ರೆಗಳ ಮೆರವಣಿಗೆ ನೋಡಿ ಅಲ್ಲೇ ನಿಂತರು. ಮೇಲಿನಿಂದ ಪುಟ್ಟಮ್ಮ, ಮೋಟರು ಎತ್ತುವವರು ಯಾವಾಗ ಬರುತ್ತಾರೆ ಎಂದು ಕೇಳಿದರು. ಯಾವ ಮೋಟರು ಎಂದು ಇವರು. ಸರೋಜಕ್ಕ ಮೊಬೈಲು ತಂದು ಒತ್ತಿದರು. ನಾನು ಒಂದು ಮೆಟ್ಟಿಲು ಮೇಲೆ, ಕಂಬದ ಮರೆಯಲ್ಲಿ. ಈಗ ಸಿಡಿಯುತ್ತಾರೆ, ‘ಯಾವನ್ಲಾ ಅದು’ ಎನ್ನುತ್ತಾರೆ, ಆಗ ಹೋಗಿ ಕಾಲು ಹಿಡಿದರಾಯಿತು ಎಂದು ಕಾದೆ. ಅವರು ಸಿಡಿಯಲಿಲ್ಲ. ಇನ್ನೊಂದು ಸಲ ಹಾಕಿಸಿದರು. ಮತ್ತೊಂದು ಸಲ. ಆಮೇಲೆ ಬಹಳ ಮೆಲ್ಲಗೆ, “ನನ್ ದನೀನೇ” ಎಂದರು. ತಮ್ಮ ಮೊಬೈಲು ತೆಗೆದು ಮೇಲೆ ಕೆಳಗೆ ಉಜ್ಜಿ ನೋಡಿದರು. ಅಲ್ಲಿರಲಿಲ್ಲ. ಅಳಿಸಿಬಿಟ್ಟೆನೇನೋ ಎಂದುಕೊಂಡರು.

ಆಗಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ಬಾಗಲಗುಂಟೆಯಲ್ಲಿ ರೂಮು ಹುಡುಕಿದವರಿಗೆ ನನ್ನ ಹೇಡಿತನ ಅರ್ಥವಾಗುತ್ತದೆ. ಕಿಟಕಿ ಇದೆಯೇ, ಗಾಳಿ ಬರುತ್ತದೆಯೇ ಎಂದು ಈಗ ಯಾರೂ ಕೇಳುವುದಿಲ್ಲ, ದಿನಕ್ಕೆ ಎಷ್ಟು ಹೊತ್ತು ನೀರು ಎಂದು ಕೇಳುತ್ತಾರೆ. ಓನರುಗಳೂ ಕಡಿಮೆಯಿಲ್ಲ, ಒಬ್ಬರು ನನ್ನನ್ನು ದಿನಾ ತಲೆಗೆ ನೀರು ಹಾಕಿಕೊಳ್ಳುತ್ತೀಯಾ ಎಂದು ಕೇಳಿ, ಹೌದು ಎಂದಿದ್ದಕ್ಕೆ ರೂಮು ಕೊಡಲಿಲ್ಲ. ಇಂಥ ಕಾಲದಲ್ಲಿ ಎರಡು ಹೊತ್ತು ನೀರು ಬರುವ ರೂಮು ಕಳೆದುಕೊಳ್ಳುವುದೆಂದರೆ ಸಣ್ಣ ಮಾತಲ್ಲ. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಸರೋಜಕ್ಕ ಮುಂದೆ ಬಂದರು. “ಅಣ್ಣಾ, ಬೆಳಿಗ್ಗೆ ಗೇಟತ್ರ ನಂಗೂ ಹೇಳಿದ್ರಲ್ಲ ನೀವು, ಮೋಟ್ರು ವಿಷ್ಯ.” ಸರೋಜಕ್ಕ ಸುಳ್ಳು ಹೇಳುವವರಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಓನರ್ ಏನೋ ಹೇಳಿದ್ದು ನಿಜವೇ ಇರಬೇಕು, ಅದರೊಳಗೆ ನನ್ನ ಮೋಟರು ಹೋಗಿ ಕೂತಿತ್ತು. ಸೋಮವಾರದ ಹೊತ್ತಿಗೆ ನಾಲ್ಕು ಮನೆಯವರು ಅದನ್ನು ಓನರ್ ಬಾಯಿಂದಲೇ ಕೇಳಿದ್ದರು. ಒಬ್ಬರಂತೂ ಯುಗಾದಿಯ ಆಸುಪಾಸಿನಲ್ಲೇ ಕೇಳಿದ್ದರು. ಎಲ್ಲರೂ ಇಷ್ಟು ನಂಬಿಕೆಯಿಂದ ಹೇಳುವುದನ್ನು ಕೇಳಿ ಕೇಳಿ ನನಗೇ ಗೊಂದಲವಾಯಿತು. ಓನರ್ ನಿಜವಾಗಿಯೂ ಹೇಳಿದ್ದನ್ನೇ ನಾನು ಎಲ್ಲೋ ಕೇಳಿ, ನನ್ನ ಸ್ವಂತದ್ದೆಂದುಕೊಂಡು ಒದರಿದೆನೇ? ಮಂಗಳವಾರ ಬೆಳಿಗ್ಗೆ ಫೋನು ತೆಗೆದು, ಕಳಿಸಿದ್ದು ನಾನೇ ಹೌದೇ ಎಂದು ನೋಡಿಕೊಳ್ಳಬೇಕಾಯಿತು.

ನನ್ನ ಗೊಂದಲ ಇಷ್ಟಕ್ಕೇ ಮುಗಿಯಿತು. ಹನುಮಂತರಾಯಪ್ಪನವರದು ಮುಗಿಯಲಿಲ್ಲ. ಪುಟ್ಟಮ್ಮ ಮೆಟ್ಟಿಲಿನಲ್ಲಿ ಸರೋಜಕ್ಕನ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಓನರ ಅಣ್ಣನಿಗೆ ಕೊನೆಗಾಲದಲ್ಲಿ ಮರೆವು ಹತ್ತಿತ್ತಂತೆ. ಒಂದು ದಿನ ಎದುರಿನ ಕಾರ್ಖಾನೆಯ ಗೇಟಿಗೆ ಹೋಗಿ, ಅವರೆ ಗಿಡಕ್ಕೆ ಹುಳ ಬಿದ್ದಿದೆ, ಒಳಗೆ ಬಿಡು ಎಂದು ವಾಚ್‌ಮನ್ನಿನ ಜೊತೆ ಜಗಳಕ್ಕೆ ನಿಂತರಂತೆ. ಆಮೇಲೆ ತಮ್ಮನೇ ಹೋಗಿ ಕೈಹಿಡಿದು ಕರೆದುಕೊಂಡು ಬಂದದ್ದು. ಹೊಲ ಇದ್ದದ್ದು ಅಲ್ಲೇ, ತಪ್ಪಿದ್ದು ಕಾಲ ಮಾತ್ರ. ಆ ಅಣ್ಣನ ಕೈ ಹಿಡಿದಿದ್ದ ತಮ್ಮ ಈಗ ವಾಲಿನ ಚಕ್ರವನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟಿದ್ದರು, ಇನ್ಮ್ಯಾಕೆ ನೀನೇ ಇಟ್ಕ, ನನ್ ತಲೆ ನಂಬಂಗಿಲ್ಲ ಎಂದು. ಮೋಟರಿನ ಸ್ವಿಚ್ಚಿನ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ‘ಆಪ್ ಮಾಡಿದೆ’ ಎಂದು ಬರೆಯತೊಡಗಿದರು. ಅದರ ಕೆಳಗೆ, ‘ಮಾಡಿದ್ದು ನಾನೇ’. ಒಂದು ಬೆಳಿಗ್ಗೆಯಂತೂ ತಾನು ನೆಲಮಂಗಲಕ್ಕೆ ಹೋಗಿದ್ದು ಹೌದೇ ಎಂದು ಹೆಂಡತಿಯನ್ನು ಕೇಳಿದರಂತೆ. ಪುಟ್ಟಮ್ಮ ತಾಂಬೂಲದ ತೆಂಗಿನಕಾಯಿಯನ್ನು ತಂದು ಸಾಕ್ಷಿಗೆ ತೋರಿಸಿದರು. ಗುರುವಾರ ದೊಡ್ಡ ಆಸ್ಪತ್ರೆಯಲ್ಲಿ ಮರೆವಿನ ಡಾಕ್ಟರ ಹತ್ತಿರ ತೋರಿಸುವುದೆಂದು ನಿಶ್ಚಯವಾಯಿತು.

ಈ ನಡುವೆ ಇನ್ನೊಂದು ವಿಚಿತ್ರ ನಡೆಯಿತು. ನೀರು ಪೈಪಿನಲ್ಲಿರುವಾಗ ಅದೆಷ್ಟಿದೆಯೆಂದು ಯಾರಿಗೂ ಕಾಣುವುದಿಲ್ಲ, ಅದಕ್ಕೇ ಕೈ ಧಾರಾಳ. ಈಗ ಪ್ರತಿ ಮನೆಯ ನೀರೂ ಪಾತ್ರೆಗಳಲ್ಲಿ ಕಣ್ಣೆದುರು ಕೂತಿತ್ತು, ಒಂದು ಚೊಂಬು ತೆಗೆದರೆ ಒಂದು ಚೊಂಬಿನಷ್ಟು ಇಳಿಯುವುದು ಕಾಣುತ್ತಿತ್ತು. ಮೋಟರು ಎತ್ತುವ ಸುದ್ದಿ ಸುಳ್ಳೆಂದು ಗೊತ್ತಾದ ಮೇಲೂ ಯಾರ ಜೀವಕ್ಕೂ ಧೈರ್ಯ ಬರಲಿಲ್ಲ. ಗಾಜಿನ ಲೋಟದ ದಂಪತಿ ಲೋಟಗಳಿಂದಲೇ ಮುಖ ತೊಳೆದರು. ಪ್ರವೀಣ ನನ್ನ ಸ್ನಾನಕ್ಕೆ ಹತ್ತು ಮಗ್ಗು ನಿಗದಿ ಮಾಡಿದ, ಏಳನೆಯದಕ್ಕೇ ಬಾಗಿಲು ಬಡಿದ. ಬೆಳಿಗ್ಗೆ ವಾಲು ಬಿಟ್ಟರೂ ತುಂಬಿಸಿಕೊಳ್ಳಲು ಖಾಲಿ ಪಾತ್ರೆಯೇ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ವಾಲು ಮುಚ್ಚಿದ ಮೇಲೆ ಹನುಮಂತರಾಯಪ್ಪನವರು ಟೆರೇಸಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ನೀರು ಕತ್ತಿನ ತನಕ ಇದೆ. ಈ ಬೇಸಿಗೆಯಲ್ಲಿ ಆ ಹೊತ್ತಿಗೆ ಅಷ್ಟು ನೀರನ್ನು ಅವರು ಕಂಡೇ ಇರಲಿಲ್ಲ. ಬೇರೆ ಯಾರಾದರೂ ಕುಣಿಯುತ್ತಿದ್ದರು. ಇವರು ಮುಚ್ಚಳ ಹಾಕಿ, ಕಣ್ಣುಜ್ಜಿಕೊಂಡು, ಹೆಂಡತಿಯನ್ನು ಕೂಗಿ ಕರೆದರು. ಒಂದ್ಸಲ ನೋಡಮ್ಮಿ, ನೀರೈತಾ, ಇಲ್ಲ ನಂಗೇ ಇಂಗ್ ಕಾಣ್ತೈತಾ ಎಂದು. ತುಂಬಿದ ಟ್ಯಾಂಕನ್ನೂ ಕಾಯಿಲೆಯ ಲಕ್ಷಣವೆಂದುಕೊಂಡ ಇಂಥ ಮನುಷ್ಯ ಇಡೀ ಬೆಂಗಳೂರಿನಲ್ಲಿ ಇವರೊಬ್ಬರೇ ಇರಬೇಕು.

ಬುಧವಾರ ನಾನು ಕೆಲಸದಿಂದ ಬರುವಾಗ ಗೇಟಿನ ಕಲ್ಲಿನ ಮೇಲೆ ಕೂತಿದ್ದವರು ನನ್ನನ್ನು ಕರೆದರು. ಡಾಕ್ಟರು ಏನೇನೋ ಪ್ರಶ್ನೆ ಕೇಳುತ್ತಾರಂತೆ, ಓದಿದ ಹುಡುಗ ನೀನು, ಒಂದಷ್ಟು ಕೇಳಿ ತಾಲೀಮು ಮಾಡಿಸು ಎಂದರು. ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. ಇವತ್ತು ಯಾವ ವಾರ ಎಂದೆ, ಹೇಳಿದರು. ನೂರರಿಂದ ಏಳೇಳು ಕಳೆಯಿರಿ ಎಂದೆ. ನಾನು ಎಣಿಸಿ ತಾಳೆ ನೋಡುವ ಮೊದಲೇ ಅವರು ಕೊನೆ ಮುಟ್ಟಿದ್ದರು. ಬಿಲ್ಡಿಂಗಿನಲ್ಲಿ ಎಷ್ಟು ಮನೆ ಎಂದೆ. ಅವರು ಮನೆ ಮಾತ್ರ ಹೇಳಲಿಲ್ಲ. ಯಾವ ಮನೆಯಲ್ಲಿ ಎಷ್ಟು ಬಿಂದಿಗೆ, ಅದರಲ್ಲಿ ಸೋರುವುದೆಷ್ಟು, ಯಾರು ಯಾವ ವಾರ ತಲೆಗೆ ಎರೆದುಕೊಳ್ಳುತ್ತಾರೆ, ಯಾರ ಮನೆಯ ನಲ್ಲಿಗೆ ಯಾವಾಗ ವಾಷರ್ ಹಾಕಿಸಿದ್ದು, ಎಲ್ಲ ಹೇಳಿದರು. ನಾನು ಹಲ್ಲುಜ್ಜುತ್ತಾ ನಲ್ಲಿ ಬಿಟ್ಟುಕೊಂಡಿದ್ದ ದಿನ ಯಾವ ಬಣ್ಣದ ಬನಿಯನ್ ಹಾಕಿದ್ದೆ ಎಂಬುದನ್ನೂ ಹೇಳಿದರು. ಆಮೇಲೆ ರಸ್ತೆಯಾಚೆಯ ಕಾರ್ಖಾನೆಯ ಗೇಟು ನೋಡುತ್ತಾ ಕೇಳಿದರು: “ಇಷ್ಟೆಲ್ಲ ಗ್ಯಾಪಕ ಐತಲ್ಲಪ್ಪ ಮಧು, ಅದೊಂದು ಮಾತ್ರ ಯಾಕಿಲ್ಲ?”

ಉತ್ತರ ನನ್ನ ಬಾಯಲ್ಲೇ ಇತ್ತು. ರೂಮಿಗೆ ಹೋಗಿ ಹತ್ತು ನಿಮಿಷ ಕೂತೆ. ಹೋದರೆ ರೂಮು ಹೋಗಲಿ, ತಲೆಗೆ ನೀರು ಹಾಕಿಕೊಳ್ಳುವುದಿಲ್ಲವೆಂದು ಪ್ರಮಾಣ ಮಾಡಿ ಇನ್ನೊಂದು ಹುಡುಕಿಕೊಂಡರಾಯಿತು ಎಂದು ಗಟ್ಟಿ ಮನಸ್ಸು ಮಾಡಿ ಮೇಲೆ ಹತ್ತಿದೆ. ಗಂಡ ಹೆಂಡತಿ ಇಬ್ಬರೂ ನಾಳೆ ಆಸ್ಪತ್ರೆಗೆ ಒಯ್ಯುವ ಹಳೆಯ ಚೀಟಿಗಳನ್ನು ಜೋಡಿಸಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಅಂಕಲ್, ಆ ಮೆಸೇಜು ನಿಮ್ಮದಲ್ಲ, ನಿಮ್ಮ ದನಿ ಮಾಡಿ ತಮಾಷೆಗೆ ಕಳಿಸಿದ್ದು ನಾನು, ನಿಮ್ಮ ತಲೆ ಸರಿಯಾಗಿದೆ, ಸರಿಯಿಲ್ಲದ್ದು ನನ್ನದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸ್ವಂತ ದನಿಯಲ್ಲಿ. ಅದೇ ತಪ್ಪಾಯಿತು. ಪುಟ್ಟಮ್ಮನ ಕಣ್ಣು ತುಂಬಿ ಬಂತು. “ನೋಡ್ರಿ, ನಿಮ್ಗೆ ಬ್ಯಾಸ್ರ ಆಗ್ಬಾರ್ದು ಅಂತ ತನ್ ಮ್ಯಾಲೆ ಆಕ್ಕಂತಾವ್ನೆ. ಎತ್ತೋರ್ ಪುಣ್ಯ.” ಹೀಗೆಂದು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ತಪ್ಪೊಪ್ಪಿಕೊಳ್ಳಲು ಹೋಗಿ ಸಂತನಾಗಿಬಿಟ್ಟೆ. ಕಾಫಿಗೆ ಸಕ್ಕರೆ ಬೇರೆ ಜಾಸ್ತಿ ಹಾಕಿದ್ದರು.

ಬೇರೆ ದಾರಿಯಿರಲಿಲ್ಲ. ನಗುವವರಿಲ್ಲದ ಜಾಗದಲ್ಲಿ ನಾನು ಯಾವತ್ತೂ ಮಿಮಿಕ್ರಿ ಮಾಡಿದವನಲ್ಲ. ಆ ಮನುಷ್ಯನ ಎದುರಿಗೇ ಅವರನ್ನು ಮಾಡುವುದಂತೂ ಕನಸಿನಲ್ಲೂ ಇರಲಿಲ್ಲ. ಲೋಟ ಕೆಳಗಿಟ್ಟೆ, ಕಣ್ಣು ಮುಚ್ಚಿಕೊಂಡೆ. ‘ಅಲೋ’ ಎಂದೆ. ಪುಟ್ಟಮ್ಮ ತಟಕ್ಕನೆ ಗಂಡನ ಕಡೆ ತಿರುಗಿದ್ದು ಕಣ್ಣು ತೆರೆದಾಗ ಕಂಡಿತು. ಗಂಡನ ಬಾಯಿ ಮುಚ್ಚಿಯೇ ಇತ್ತು. ಎರಡನೆಯ ‘ಅಲೋ’ಗೆ ಅವರು ನನ್ನ ಕಡೆ ತಿರುಗಿದರು. ಮೋಟರು ಎತ್ತಿಸಿದೆ, ಮೂರು ದಿನ ನೀರು ನಿಲ್ಲಿಸಿದೆ, ವಾಲು ಬಿಟ್ಟೆ, ಎಲ್ಲರಿಗೂ ತುಂಬಿಕೊಳ್ಳಲು ಹೇಳಿದೆ. ಕೊನೆಗೆ ‘ಇಡ್ಲಾ?’ ಎಂದು ಕೇಳಿ ಪದ್ಧತಿಯಂತೆ ಸುಮ್ಮನೆ ಕಾದೆ.

“ಇಡಪ್ಪ” ಎಂದರು ಹನುಮಂತರಾಯಪ್ಪನವರು, ಗಂಭೀರವಾಗಿ.

‘ಇಡ್ತೀನಿ’ ಎಂದು ಮುಗಿಸಿದೆ. ಅವರು, ನಾನು ಇಂಗ್ ಮಾತಾಡಕ್ಕಿಲ್ಲ ಎಂದರು. ಪುಟ್ಟಮ್ಮ, ನೀವು ಇಂಗೇ ಮಾತಾಡಾದು ಎಂದರು. ಮೂರು ಸಲ ಕೇಳಿ ತಮ್ಮದೇ ದನಿಯೆಂದು ಒಪ್ಪಿದ್ದವರು ಈಗ ನನ್ನ ಬಾಯಿಂದ ಬರುತ್ತಿದ್ದ ಹಾಗೆಯೇ ಇದು ಯಾವುದೋ ಹಳ್ಳಿ ಗಮಾರನ ದನಿ, ತನ್ನದು ಇದಕ್ಕಿಂತ ದಪ್ಪ ಎಂದು ವಾದಕ್ಕೆ ನಿಂತರು. ನಲವತ್ತು ವರ್ಷದಿಂದ ಕೇಳಿ ಸವೆದ ಕಿವಿ ನನ್ನದು, ನಂಗೇಳ್ತೀರಾ ಎಂದು ಪುಟ್ಟಮ್ಮ. ನಾನು ನಡುವೆ ನಿಂತು, ಯಾರ ಪರ ತೀರ್ಪು ಬಂದರೆ ನನಗೆ ಲಾಭವೆಂದು ತಿಳಿಯದೆ ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ವಾದದ ನಡುವೆ ಯಾವ ಗಳಿಗೆಯಲ್ಲೋ ಹನುಮಂತರಾಯಪ್ಪನವರಿಗೆ ವಿಷಯ ಒಳಗಿಳಿಯಿತು. ಮಾತು ಅರ್ಧಕ್ಕೆ ನಿಲ್ಲಿಸಿ, ಎರಡು ಕೈಯಲ್ಲೂ ತಲೆಯನ್ನು ಮುಟ್ಟಿ ನೋಡಿಕೊಂಡರು, ಕಳೆದುಹೋಗಿದ್ದ ಪೇಟ ಸಿಕ್ಕಿದ ಹಾಗೆ. “ಅಂಗಾರೆ ನಾನು ಅದ್ನ ಏಳೇ ಇಲ್ಲ” ಎಂದರು. ಇನ್ನೊಂದು ಸಲ ಅದನ್ನೇ ಅಂದರು. ಪುಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆಸ್ಪತ್ರೆಯ ಚೀಟಿಗಳನ್ನೆಲ್ಲ ಮಡಚಿ ಬೀರುವಿಗೆ ಹಾಕಿ, ವಾಪಸು ಬರುವಾಗ ನನ್ನ ಕಾಫಿ ಲೋಟವನ್ನು ಅರ್ಧಕ್ಕೇ ಎತ್ತಿಕೊಂಡು ಹೋದರು.

ರೂಮು ಖಾಲಿ ಮಾಡು ಎನ್ನುತ್ತಾರೆಂದು ತಲೆ ತಗ್ಗಿಸಿ ನಿಂತೆ. ಎನ್ನಲಿಲ್ಲ. ಹನುಮಂತರಾಯಪ್ಪನವರು ಗೋಡೆ ಹಿಡಿದುಕೊಂಡು ಕುರ್ಚಿಯ ಮೇಲೆ ಮೆಲ್ಲಗೆ ಕೂತು, ಒಂದು ಕಾ‌ಲನ್ನು ಉದ್ದಕ್ಕೆ ಚಾಚಿ, ನನ್ನನ್ನೇ ನೋಡತೊಡಗಿದರು. ಬುದ್ಧಿವಂತನಾದವನು ಆ ಕ್ಷಣದಲ್ಲಿ ಕೈ ಮುಗಿದು ಕೆಳಗಿಳಿದು ಬರುತ್ತಿದ್ದ. ನಾನು ಸೇವೆಯ ಪ್ರಸ್ತಾಪ ಇಟ್ಟೆ. ಅಂಕಲ್, ತಪ್ಪಿಗೆ ಪ್ರಾಯಶ್ಚಿತ್ತವಾಗಿ ಇನ್ನು ಮೇಲೆ ನೀರಿನ ಮೆಸೇಜುಗಳನ್ನೆಲ್ಲ ನಿಮ್ಮ ದನಿಯಲ್ಲಿ ನಾನೇ ಕಳಿಸುತ್ತೇನೆ, ನಿಮಗೆ ಆ ಶ್ರಮವೂ ಬೇಡ ಎಂದೆ. ಹೇಳುವಾಗ ಅದು ಬಹಳ ಉದಾರವಾದ ಮಾತೆಂದೇ ನನಗೆ ಅನ್ನಿಸಿತ್ತು. ಅವರು ಚಾಚಿದ ಕಾಲನ್ನು ನೀವಿಕೊಳ್ಳುತ್ತಾ ಹೇಳಿದರು:

“ನನ್ನಂಗೆ ಮಾತಾಡಕ್ಕೆ ಬಾಯಿದ್ರೆ ಸಾಕು ಕಣಪ್ಪ, ನನ್ನಂಗೆ ನೀರ್ ಬಿಡಕ್ಕೆ ಮಂಡಿ ಬೇಕು. ನಾಳೆ ಬೆಳಿಗ್ಗೆ ಐದ್ ಗಂಟ್ಗೆ ಮ್ಯಾಕ್ ಬಾ.”